ದೊಡ್ಡಮ್ಮನ ಬಲಗೆನ್ನೆ

ಬೀದಿಯ ಜನ ಅವಳಿಗೆ ಏಣಿ ಎಂದು ಹೆಸರಿಟ್ಟಿದ್ದರು. ಆಳು ಉದ್ದ, ಹೆಗಲ ಮೇಲೆ ಸದಾ ಒಂದು ಏಣಿ, ಸಾಲದ್ದಕ್ಕೆ ಯಾರ ಮಾತಿಗೂ ಬಗ್ಗದ ಸ್ವಭಾವ. ಬೇರೆ ಹೆಸರು ಹುಡುಕುವ ಕಷ್ಟ ಯಾರಿಗೂ ಬರಲಿಲ್ಲ. ಗೋಡೆಗಳ ಮೇಲೆ ದೊಡ್ಡ ದೊಡ್ಡ ಚಿತ್ರ ಬರೆಯುವುದು ಅವಳ ಕಸುಬು. ಹೊಟ್ಟೆಪಾಡಿಗೆ ಬೇಕರಿ, ಜಿಮ್ಮು, ಕನ್ನಡಕದಂಗಡಿಗಳ ಗೋಡೆ. ಮನಸ್ಸಿನ ಸಮಾಧಾನಕ್ಕೆ ಶಾಲೆ, ಆಸ್ಪತ್ರೆ, ವಸತಿ ಕಟ್ಟಡಗಳ ಗೋಡೆ. ಕೇಕಿಗೆ ಕಣ್ಣು ಬಾಯಿ ಬರೆದು ನಗಿಸಮ್ಮ ಎಂದರೆ ನಗಿಸುತ್ತಿದ್ದಳು. ಮನೆಗೆ ಬಂದು ಆ ಕೇಕಿಗೆ ಮನಸಾರೆ ಬೈಯುತ್ತಿದ್ದಳು.

ಈ ಸಲದ ಗೋಡೆ ಎರಡೂ ಆಗಿತ್ತು. ಮೂರು ಮಹಡಿಯ ಹಳೇ ಕಟ್ಟಡದ ಪಕ್ಕದ ಗೋಡೆ ಅದು. ಗೋಡೆ ಅಲ್ಲಿನ ನಿವಾಸಿಗಳದ್ದು. ಬಣ್ಣ, ಅಟ್ಟಣಿಗೆ, ಕೂಲಿಯ ಖರ್ಚು ಎದುರಿನ ಬಟ್ಟೆ ಅಂಗಡಿಯ ಯಜಮಾನರದ್ದು. ಬೀದಿಯಲ್ಲಿ ದುಡಿಯುವ ಒಬ್ಬರ ಮುಖ ಇರಲಿ ಎಂದು ನಿವಾಸಿಗಳು ಕೇಳಿದ್ದರು. ಮುಖದ ಕೆಳಗೆ ತಮ್ಮ ಅಂಗಡಿಯ ಹೆಸರಿಗೆ ಒಂದು ಅಗಲವಾದ ಬಿಳಿ ಪಟ್ಟಿ ಬಿಟ್ಟಿರಬೇಕು ಎಂದು ಯಜಮಾನರು ಹೇಳಿದ್ದರು. ಏಣಿ ಎರಡಕ್ಕೂ ಹೂಂ ಎಂದು, ತನ್ನನ್ನು ಸಾಕಿ ಬೆಳೆಸಿದ ದೊಡ್ಡಮ್ಮನ ಮುಖವನ್ನೇ ಬರೆದಳು.

ದೊಡ್ಡಮ್ಮ ಅದೇ ಬೀದಿಯ ಮೂಲೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟವಳು. ಹರೆಯದಲ್ಲಿ ಒಂದು ಲಾಂಡ್ರಿಯಲ್ಲಿ ಕೆಲಸಕ್ಕಿದ್ದಾಗ ಹಬೆಯ ಕೊಳವೆ ಒಡೆದು ಅವಳ ಬಲಗೆನ್ನೆ ಸುಟ್ಟಿತ್ತು. ಗಾಯ ಮಾಗಿ ಕೆಲಸಕ್ಕೆ ಹೋದ ದಿನ ಲಾಂಡ್ರಿಯವನು, ಇನ್ನು ಮುಂದೆ ಹಿಂದಿನ ಕೋಣೆಯಲ್ಲಿ ಕೂತು ಕೆಲಸ ಮಾಡು, ಗಿರಾಕಿಗಳ ಕಣ್ಣಿಗೆ ಬೀಳಬೇಡ, ನಿನ್ನ ಒಳ್ಳೇದಕ್ಕೇ ಹೇಳುವುದು ಎಂದಿದ್ದ. ಆವತ್ತಿನಿಂದ ದೊಡ್ಡಮ್ಮನ ಕೊರಳಿಗೊಂದು ಬಟ್ಟೆ ಬಂತು. ಹೊರಗೆ ಹೊರಟರೆ ಅದನ್ನು ಕೆನ್ನೆಯವರೆಗೂ ಎಳೆದುಕೊಳ್ಳುವಳು. ಮನೆಯಲ್ಲಿ ಕೆನ್ನೆ ಬಿಟ್ಟರೂ ಕೊರಳು ಬಿಟ್ಟವಳಲ್ಲ. ಸ್ವಂತ ಅಂಗಡಿ ಇಟ್ಟಾಗ ಮೇಜನ್ನು ಎಷ್ಟು ಲೆಕ್ಕಾಚಾರದಿಂದ ಹಾಕಿಕೊಂಡಳೆಂದರೆ, ಗಿರಾಕಿಗಳಿಗೆ ಎಡಗೆನ್ನೆ, ಗೋಡೆಗೆ ಬಲಗೆನ್ನೆ.

ಯಾರ ಮುಖ ಬರೆಯುವುದಾದರೂ ಮೊದಲು ಅವರೆದುರು ಕೂತು, ಕಾಗದದ ಮೇಲಿನ ಚಿತ್ರ ತೋರಿಸಿ, ಅವರಿಂದ ಹೂಂ ಅನ್ನಿಸಿಕೊಂಡೇ ಕುಂಚ ಅದ್ದುವುದು ಏಣಿ ಹಾಕಿಕೊಂಡ ಕಟ್ಟುಪಾಡು. ಒಂದು ಸಲ ಬೀದಿನಾಯಿಯನ್ನು ಬರೆಯುವಾಗಲೂ ಅದಕ್ಕೆ ಅನ್ನ ಹಾಕುವ ಅಜ್ಜನನ್ನು ಕೇಳಿದ್ದಳು. ದೊಡ್ಡಮ್ಮನನ್ನು ಮಾತ್ರ ಕೇಳಲಿಲ್ಲ. ಮನೆಯವಳೇ ಅಲ್ಲವೇ, ಒಮ್ಮೆಲೇ ತೋರಿಸಿ ಬೆರಗುಗೊಳಿಸೋಣ ಎಂದುಕೊಂಡಳು. ಕಾಗದದಲ್ಲಿ ಕೆನ್ನೆಯ ಆ ಸುಟ್ಟ ಕಲೆ ಇರುವೆಯಷ್ಟಿತ್ತು, ಯಜಮಾನರ ಕಣ್ಣಿಗೂ ಬೀಳಲಿಲ್ಲ. ಗೋಡೆಗೆ ಅಳತೆಯ ಚೌಕ ಹಾಕಿ ಚಿತ್ರ ಹಿಗ್ಗಿಸುತ್ತ ಹೋದಂತೆ ಆ ಇರುವೆ ಬಾಗಿಲಿನಷ್ಟು ಎತ್ತರವಾಯಿತು.

ಅಟ್ಟಣಿಗೆಗೆ ಕಟ್ಟಿದ್ದ ಪರದೆಯನ್ನು ಬೆಳಿಗ್ಗೆ ಬಿಚ್ಚಿದ್ದೇ ತಡ, ಯಜಮಾನರು ರಸ್ತೆ ದಾಟಿ ಬಂದರು. ಮುಖ ಗಂಟಿಕ್ಕಿತ್ತು. ಬಟ್ಟೆ ಕೊಳ್ಳಲು ಬರುವವರು ಇದನ್ನು ನೋಡಿಕೊಂಡು ಒಳಗೆ ಬರಬೇಕೇ ಎಂದರು. ಆ ಕಲೆ ತೆಗೆದು, ಬಣ್ಣ ತುಸು ತಿಳಿ ಮಾಡಿ, ಹಲ್ಲು ಕಾಣುವಂತೆ ನಗಿಸಿದರೆ ಸಾಕು. ಇಲ್ಲದಿದ್ದರೆ ಈ ಗೋಡೆಯೂ ಇಲ್ಲ, ತಮ್ಮ ಬೇರೆ ಅಂಗಡಿಗಳ ಗೋಡೆಗಳೂ ಇಲ್ಲ ಎಂದರು.

"ನುಣ್ಣನೆ ಕೆನ್ನೆ ಬೇಕಿದ್ರೆ ನಿಮ್ಮ ಅಂಗಡಿ ಗಾಜಿನೊಳಗೆ ಗೊಂಬೆ ನಿಂತಿದ್ಯಲ್ಲ, ಅದನ್ನೇ ಬರೆಸ್ಬೇಕಿತ್ತು," ಎಂದಳು ಏಣಿ. ಆ ಗೋಡೆಗಳು ಹೋದರೆ ವರ್ಷವಿಡೀ ನಗುವ ಕೇಕೇ ಗತಿ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ದೊಡ್ಡಮ್ಮ ಬಂದಳು. ಯಾರದೋ ಮನೆಗೆ ಕೊಡಲು ಇಸ್ತ್ರಿ ಮಾಡಿದ ಅಂಗಿಗಳ ಕಟ್ಟು ಎರಡೂ ಕೈಗಳ ಮೇಲಿತ್ತು. ತಲೆ ಎತ್ತಿದಳು. ಇಷ್ಟು ವರ್ಷ ಗೋಡೆಯ ಕಡೆ ತಿರುಗಿಸಿಟ್ಟಿದ್ದ ಕೆನ್ನೆ ಈಗ ಗೋಡೆಯ ಮೇಲೆ ನಿಂತು ಇಡೀ ಬೀದಿಯನ್ನು ನೋಡುತ್ತಿತ್ತು. ಅವಳ ಮುಖ ಬಿಳಿಚಿಕೊಂಡಿತು.

"ನನ್ನನ್ನ ಒಂದು ಮಾತು ಕೇಳಿದ್ಯಾ?" ಎಂದಳು ಮೆಲ್ಲಗೆ. "ನಾಯಿ ಬರೆಯೋಕೂ ಕೇಳ್ಕೊಂಡು ಬಂದೋಳು ನೀನು."

ಬೀದಿಗೆಲ್ಲ ನ್ಯಾಯ ಹೇಳುವ ತಾನು ಮನೆಯೊಳಗೇ ಎಡವಿದೆ ಎಂದು ಏಣಿಗೆ ನಾಚಿಕೆಯಾಯಿತು.

"ತಪ್ಪಾಯ್ತು ದೊಡ್ಡಮ್ಮ. ನೀನು ಬೇಡ ಅಂದ್ರೆ ಈಗಲೇ ಪೂರ್ತಿ ಅಳಿಸ್ತೀನಿ. ಇವರು ಹೇಳಿದ್ರು ಅಂತ ಮಾತ್ರ ಒಂದು ಗೆರೆನೂ ಅಳಿಸಲ್ಲ."

ಯಜಮಾನರಿಗೆ ಹಗ್ಗದ ತುದಿ ಸಿಕ್ಕಿದಂತಾಯಿತು. ದನಿಗೆ ಬೆಣ್ಣೆ ಹಚ್ಚಿಕೊಂಡು ದೊಡ್ಡಮ್ಮನ ಕಡೆ ತಿರುಗಿದರು. "ಪೂರ್ತಿ ಯಾಕೆ ತಾಯಿ? ಅದೊಂದನ್ನ ತೆಗೆದ್ರೆ ಎಷ್ಟು ಲಕ್ಷಣವಾಗಿ ಕಾಣ್ತೀರ. ನಿಮ್ಮ ಒಳ್ಳೇದಕ್ಕೇ ಹೇಳೋದು."

ದೊಡ್ಡಮ್ಮ ಅವರನ್ನೇ ನೋಡಿದಳು. ಆ ಕೊನೆಯ ಮಾತು ಅವಳಿಗೆ ಹೊಸದಲ್ಲ. ಅದನ್ನು ನಂಬಿ ಅರ್ಧ ಆಯಸ್ಸು ಹಿಂದಿನ ಕೋಣೆಯಲ್ಲಿ ಕಳೆದವಳು. ಎರಡು ಹೆಜ್ಜೆ ಮುಂದೆ ಬಂದು, ಅಂಗಿಗಳ ಕಟ್ಟನ್ನು ಯಜಮಾನರ ಕೈಗಳ ಮೇಲಿಟ್ಟಳು. ಬೇಡ ಎನ್ನಲು ಅವರಿಗೆ ಪುರುಸೊತ್ತೇ ಸಿಗಲಿಲ್ಲ. ಆಮೇಲೆ ಕೊರಳ ಬಟ್ಟೆಯನ್ನು ಸುತ್ತು ಸುತ್ತಾಗಿ ಬಿಚ್ಚಿದಳು. ಹಾಡಹಗಲು, ನಡುಬೀದಿಯಲ್ಲಿ.

"ತಪ್ಪು ಬರೆದಿದ್ಯ ಕಣೇ," ಎಂದಳು. "ದವಡೆಗೇ ನಿಲ್ಲಿಸ್ಬಿಟ್ಟಿದ್ಯ. ಇಲ್ಲೀವರೆಗೂ ಇದೆ." ಬೆರಳು ಕೊರಳಗುಂಟ ಇಳಿದು ಹೆಗಲ ಮೂಳೆಯ ಮೇಲೆ ನಿಂತಿತು.

ಅಲ್ಲಿಯ ಚರ್ಮ ಸುಕ್ಕುಗಟ್ಟಿ, ಹೊಳೆಯುತ್ತ, ಕೆಳಕೆಳಗೆ ಅಗಲವಾಗುತ್ತ ಹೋಗಿತ್ತು. ಅವಳ ಮಡಿಲಲ್ಲೇ ಬೆಳೆದ ಏಣಿ ಅದನ್ನು ಮೊದಲ ಸಲ ಕಂಡದ್ದು ಆಗಲೇ. ತಿರುಗಿ ಗೋಡೆ ನೋಡಿದಳು. ಬಿಳಿ ಪಟ್ಟಿಗೆ ಜಾಗ ಬೇಕೆಂದು ದವಡೆಯ ಕೆಳಗೆ ತಾನೇ ಕೊರಳು ಕತ್ತರಿಸಿದ್ದಳು. ಇಷ್ಟು ಹೊತ್ತು ಎದೆ ಸೆಟೆಸಿ ಮಾತಾಡಿದವಳು, ಕುಂಚ ಹಿಡಿದಾಗ ಯಜಮಾನರಿಗೆ ತಲೆಬಾಗಿಯೇ ಬರೆದಿದ್ದಳು.

"ಅದನ್ನೂ ಬರೀಲಾ ದೊಡ್ಡಮ್ಮ?" ಈ ಸಲ ಕೇಳಿದಳು.

"ಬರಿ. ಅಂದಾಜಿಗೆ ಬೇಡ, ನೋಡ್ಕೊಂಡು ಬರಿ."

ಏಣಿ ಕಂದು ಬಣ್ಣದ ಡಬ್ಬಿ ಹಿಡಿದು ಅಟ್ಟಣಿಗೆ ಹತ್ತಿದಳು. ಅದು ಅಂಗಡಿ ಹೆಸರಿನ ಜಾಗ ಎಂದು ಯಜಮಾನರು ಕೆಳಗಿನಿಂದ ಕೂಗಿದರು. ಅವಳು ಕ್ಯಾರೇ ಎನ್ನಲಿಲ್ಲ. ಅಗಲ ಕುಂಚವನ್ನು ಅದ್ದಿ, ದವಡೆಯಿಂದ ಶುರುಮಾಡಿ ಬಿಳಿ ಪಟ್ಟಿಯ ಮೇಲೇ ಇಳಿಸಿದಳು.

ಯಜಮಾನರು ಕೈ ಬೀಸಲು ನೋಡಿದರು. ಕೈತುಂಬ ಅಂಗಿಗಳಿದ್ದವು, ಕೆಳಗೆ ಬರೀ ಧೂಳು. ಬಲಗೆನ್ನೆಯನ್ನು ಬೀದಿಗೆ ಕೊಟ್ಟು ಅಲುಗಾಡದೆ ನಿಂತಿದ್ದ ದೊಡ್ಡಮ್ಮ, ಕತ್ತು ತಿರುಗಿಸದೆಯೇ ಹೇಳಿದಳು:

"ನೆಟ್ಟಗೆ ಹಿಡ್ಕೊಳ್ಳಿ. ಮಡಿಕೆ ಕೆಡುತ್ತೆ."