ಧಾರೆ ಸೀರೆಗೆ ಅಲ್ಯೂಮಿನಿಯಂ ಚಕ್ರ

ದೊಡ್ಡಬಳ್ಳಾಪುರದಲ್ಲಿ ನನ್ನದೊಂದು ಸಣ್ಣ ಫೌಂಡ್ರಿ ಇದೆ. ಪವರ್‌ಲೂಮಿನ ಭಾಗಗಳನ್ನು ಎರಕ ಹೊಯ್ದು ಕೊಡುತ್ತೇನೆ. ಯಾವ ಭಾಗಕ್ಕೆ ಯಾವ ಲೋಹ ಎಂದು ಈ ಮುನಿರಾಜ ಹೇಳಿದ ಮೇಲೆ ಊರಿನ ನೇಕಾರರು ಎದುರಾಡುವುದಿಲ್ಲ. ಎದುರಾಡುವವರು ಒಬ್ಬರೇ, ನಮ್ಮಕ್ಕನ ಗಂಡ ಸೊಣ್ಣಪ್ಪ ಭಾವ. ಅವರನ್ನು ಬೈಯುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ.

ಭಾವನ ಮಗಳು ಧನುಶ್ರೀಗೆ ಮದುವೆ ಗೊತ್ತಾಗಿತ್ತು. ಗಂಡಿನ ಊರು ತೂಬಗೆರೆ. ಇಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕದ ಸೀಟು ಹುಡುಕುವಷ್ಟರಲ್ಲಿ ಆ ಊರು ಬಂದುಬಿಡುತ್ತದೆ. ಭಾವನ ಮನೆತನದಲ್ಲಿ ಒಂದು ಪದ್ಧತಿ ಇದೆ. ಮಗಳ ಧಾರೆ ಸೀರೆಯನ್ನು ಅಪ್ಪನೇ ನೇಯಬೇಕು, ಮುಗಿಯುವ ತನಕ ಆ ಮಗ್ಗಕ್ಕೆ ಬೇರೆ ಯಾರೂ ಕೈ ಹಚ್ಚಬಾರದು. ಸೀರೆ ಅರ್ಧ ಆಗಿದ್ದಾಗ ಮಗ್ಗದ ಸಣ್ಣ ಹಲ್ಲುಚಕ್ರ ಮುರಿಯಿತು. ಭಾವ ಅದನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದರು.

"ಗನ್‌ಮೆಟಲ್ ಹಾಕ್ತೀನಿ ಭಾವ. ತಾಮ್ರಕ್ಕೆ ತವರ ಬೆರೆಸಿದ್ದು. ನಿಮ್ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ."

"ಅದೆಲ್ಲಾ ಬ್ಯಾಡ. ಅಲ್ಯೂಮಿನಿಯಂ ಹಾಕು."

"ಅದು ಮೆತ್ತಗೆ, ಹಲ್ಲು ನಿಲ್ಲಲ್ಲ. ಕಾಸಿನ ಯೋಚ್ನೆನಾ? ನನ್ ಕಡೆ ಮುಯ್ಯಿ ಅನ್ಕೊಳ್ಳಿ."

"ಲೋ, ಮಗ್ಗ ನಂದೋ ನಿಂದೋ?"

ಮಗ್ಗ ಅವರದೇ. ಅಲ್ಯೂಮಿನಿಯಮ್ಮನ್ನೇ ಹೊಯ್ದು ಕೊಟ್ಟೆ. ನಾನು ಹೇಳಿದಂತೆಯೇ ಕೆಲವೇ ದಿನದಲ್ಲಿ ಅದರ ಹಲ್ಲು ಉದುರಿತು.

ಮಗ್ಗ ಕೆಟ್ಟ ನೇಕಾರನ ಮುಖ ಹೇಗಿರಬೇಕು? ಭಾವ ನಗುನಗುತ್ತಾ ಬಂದರು. ಟೀ ಕುಡಿದರು, ಬನ್ ತಿಂದರು, ಆಮೇಲೆ ಜೇಬಿನಿಂದ ಚಕ್ರ ತೆಗೆದರು.

"ಮತ್ತೆ ಹೋಯ್ತು ಕಣೋ. ಮಗ್ಗ ಹಳೇದಾಯ್ತು, ಏನ್ ಮಾಡೋದು?"

"ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ. ಮಗ್ಗ ಏನ್ ಮಾಡೀತು ಭಾವ? ಈ ಸಲ ಬೀಡಾದ್ರೂ ಹಾಕಿಸ್ಕೊಳ್ಳಿ. ಗಟ್ಟಿ ಎರಕದ ಕಬ್ಬಿಣ."

"ಅಲ್ಯೂಮಿನಿಯಮ್ಮೇ ಇರ್ಲಿ. ಹಗುರ, ಸದ್ದೂ ಕಮ್ಮಿ."

ಭಾವನಿಗೆ ವಯಸ್ಸಾಯಿತು ಎಂದು ಮನೆಯಲ್ಲಿ ಹೆಂಡತಿಗೆ ಹೇಳಿಕೊಂಡು ನಕ್ಕೆ. ನಿಮಗೇನು ಕಡಿಮೆ ಆಗಿದೆಯೇ ಎಂದು ಅವಳು ನನ್ನನ್ನೇ ನೋಡಿ ನಕ್ಕಳು.

ಮದುವೆಗೆ ವಾರ ಇರುವಾಗ ಮೂರನೆಯ ಚಕ್ರವೂ ಹೋಯಿತು. ಈ ಸಲ ಸ್ಕೂಟಿಯಲ್ಲಿ ಬಂದದ್ದು ಧನುಶ್ರೀ.

"ಮಾವ, ಇನ್ನೂ ಸೆರಗು ಬಾಕಿ ಐತೆ. ಅಂಗಡಿ ಸೀರೆ ಉಟ್ಕೊಂಡು ಹಸೆಮಣೆ ಮೇಲೆ ಕೂರ್ಲಾ? ಅಪ್ಪನ ಕೇಳ್ಬೇಡ, ಗನ್‌ಮೆಟಲ್ ಹಾಕ್ಬಿಡು."

ಕೊನೆಗೂ ಆ ಮನೆಯಲ್ಲಿ ಒಬ್ಬರಿಗೆ ಬುದ್ಧಿ ಇದೆ ಎಂದು ಖುಷಿಯಾಯಿತು. ಚಕ್ರ ಹೊಯ್ದು, ಹಲ್ಲು ಸರಿಮಾಡಿ, ನಾನೇ ಅವಳ ಜೊತೆ ಹೋದೆ. ಭಾವ ಚಕ್ರದ ಹೊಂಬಣ್ಣ ನೋಡಿದೊಡನೆ ಎದ್ದು ನಿಂತರು.

"ಇದು ಮುರಿಯಲ್ವಾ?"

"ಇಲ್ಲ."

"ಒಂದ್ ಹಲ್ಲೂ?"

"ಏನ್ ಭಾವ, ಮುರೀಲಿ ಅಂತ ಹರಕೆ ಹೊತ್ತಿದ್ದೀರಾ?" ಎಂದು ರೇಗಿಸಿದೆ. ಭಾವ ನಗಲಿಲ್ಲ. ಚಕ್ರವನ್ನು ಅಂಗೈಯಲ್ಲಿ ತಿರುಗಿಸುತ್ತಾ ಮಗಳ ಕಡೆ ನೋಡಿದರು.

"ಅದಕ್ಕೇ ಕಣಮ್ಮ ಬ್ಯಾಡ ಅಂತಿದ್ದೆ. ಸೀರೆ ಮುಗಿದ್ರೆ ನೀನು ಹೊರಟೋಗ್ತೀಯಲ್ಲ."

ಧನುಶ್ರೀ ಅಳುತ್ತಲೇ ನಕ್ಕಳು.

"ತೂಬಗೆರೆ ಅಪ್ಪ! ಬೆಳಿಗ್ಗೆ ಬಸ್ ಹತ್ತಿದ್ರೆ ನಿನ್ ಜೊತೆ ತಿಂಡಿ ತಿನ್ಬೋದು."

"ಬರ್ತೀಯ ಕಣಮ್ಮ. ಆದ್ರೆ ಸಂಜೆ ಆಗ್ತಿದ್ದಂಗೆ ಮನೆಗ್ ಹೋಗ್ಬೇಕು ಅಂತೀಯ."

ಭಾವ ತಾವೇ ಚಕ್ರ ಕೂರಿಸಿ, ನಟ್ಟು ಬಿಗಿಮಾಡಿ, ಸ್ವಿಚ್ ಹಾಕಿದರು. ಮಗ್ಗ ಒಂದು ಚೂರೂ ತಡೆಯದೆ ಓಡಿತು, ಸೆರಗು ಬೆಳೆಯತೊಡಗಿತು. ನಾನು ಹೊಯ್ದ ಚಕ್ರ ಒಂದೇ ಒಂದು ಸಲ ಕೈಕೊಡಲಿ ಎಂದು ಆವತ್ತು ನಾನೂ ದೇವರನ್ನು ಬೇಡಿಕೊಂಡೆ.