ಇನ್ನೂರರ ಚೌಕ

ಔಷಧಿ ಅಂಗಡಿಯ ಒಡತಿ ಕನ್ನಡಕ ಸರಿಮಾಡಿಕೊಂಡು, ಅಕ್ಷರ ದೊಡ್ಡದು ಮಾಡುವ ಗುಂಡಿಯನ್ನು ಎರಡು ಸಲ ಒತ್ತಿದಳು. ಪರದೆಯ ಬಲಗಡೆಯ ಚೌಕದಲ್ಲಿ ಮಾತ್ರೆಯ ವಿವರ ಅರ್ಧಕ್ಕೇ ನಿಂತು ಮೂರು ಚುಕ್ಕಿ ಬಿತ್ತು.

"ದಿನಕ್ಕೆ ಎಷ್ಟು ಸಲ ಅನ್ನೋದೆಲ್ಲಿ? ರೋಗಿಗೆ ಚುಕ್ಕಿ ನುಂಗಿಸ್ಲಾ?"

ಅಂಗಡಿಗೆ ಈ ತಂತ್ರಾಂಶದ ಪರದೆ ಬರೆದುಕೊಟ್ಟವಳು ಕುರ್ಚಿ ಮುಂದಕ್ಕೆಳೆದುಕೊಂಡಳು. ಅವಳ ಆರು ತಿಂಗಳ ಪರೀಕ್ಷಾವಧಿ ಮುಗಿಯುವುದು ಇವತ್ತೇ. ಒಡತಿ ಒಪ್ಪಿದರೆ ಕೆಲಸ ಕಾಯಂ, ಇಲ್ಲದಿದ್ದರೆ ನಲವತ್ತಾರನೇ ವಯಸ್ಸಿನಲ್ಲಿ ಮತ್ತೆ ಮನೆಯ ನಾಲ್ಕು ಗೋಡೆ.

"ನಮ್ಮತ್ತಿಗೆಯ ಕೆಲಸ ಸ್ವಲ್ಪ ಹಾಗೇ," ಎಂದು ನಕ್ಕಳು ಪಕ್ಕದಲ್ಲಿದ್ದ ನಾದಿನಿ. ಅತ್ತಿಗೆ ಕೆಲಸ ಮಾಡುವ ತಂತ್ರಾಂಶ ಕಚೇರಿಗೆ ಮುಖ್ಯಸ್ಥೆ ಅವಳೇ. "ಸಾರಿಗೆ ಉಪ್ಪು ಹಾಕೋದೂ ಅಂದಾಜಿನ ಮೇಲೆ."

ಅಳತೆ ಹೇಳದೆ ಬಿಟ್ಟರೆ ಪರದೆಯ ಚೌಕ ತನ್ನೊಳಗಿನ ಒಂದೊಂದು ಸಾಲನ್ನೂ ನಿನಗೆಷ್ಟು ಜಾಗ ಬೇಕೆಂದು ಕೇಳಿಯೇ ಅಗಲವಾಗುತ್ತದೆ. ಅದು ಅದರ ಹುಟ್ಟುಗುಣ. ಅತ್ತಿಗೆ ಅದನ್ನು ಹಾಗೇ ಬಿಟ್ಟಿದ್ದಳು. ಸೋಮವಾರ ನಾದಿನಿ ಬೆನ್ನ ಹಿಂದೆ ನಿಂತು, "ಇದೇನು, ಹೊತ್ತಿಗೊಂದು ಅಗಲ? ಶಿಸ್ತು ಬೇಡ್ವಾ?" ಎಂದು ತನ್ನ ಕಂಪ್ಯೂಟರಿಗೆ ಹೋಗಿ ಚೌಕದ ಅಗಲ ಇನ್ನೂರು ಪಿಕ್ಸೆಲ್ ಎಂದು ಕಟ್ಟಿಬಿಟ್ಟಳು. ಅತ್ತಿಗೆ ಬೇಡವೆಂದದ್ದಕ್ಕೆ, "ನಿಮ್ಮನ್ನ ಇಲ್ಲಿ ಕೂರಿಸಿದ್ದು ಯಾರು ಅತ್ತಿಗೆ?"

ಅತ್ತಿಗೆ ಮದುವೆಯಾಗಿ ಬಂದ ವಾರವೇ ಬೀರುವಿನಲ್ಲಿ ಒಂದು ಅರೆ ತೋರಿಸಿ "ಇಷ್ಟು ನಿಮ್ಮದು" ಅಂದವಳೂ ಇವಳೇ. ಇಪ್ಪತ್ತು ವರ್ಷವಾದರೂ ಅದೇ ಒಂದು ಅರೆ.

ಈಗ ಮೇಜಿನಡಿ ನಾದಿನಿ ಅತ್ತಿಗೆಯ ಕಾಲು ತುಳಿದಳು. "ತಪ್ಪಾಯ್ತು ಅನ್ನಿ."

"ತಪ್ಪು ಇದೆ. ತೋರಿಸ್ತೀನಿ."

ಅತ್ತಿಗೆ ಪರದೆಯ ಹಿಂದಿನ ಸಂಕೇತ ಬರಹ ತೆರೆದಳು. ಇನ್ನೂರರ ಸಾಲಿನ ಪಕ್ಕದಲ್ಲಿ, ಬರೆದ ದಿನ, ಬರೆದವರ ಹೆಸರು ತಾವಾಗಿಯೇ ದಾಖಲಾಗಿದ್ದವು. ಒಡತಿ ಬಗ್ಗಿ ಓದಿ, ನಾದಿನಿಯ ಮುಖ ನೋಡಿದಳು. ಅತ್ತಿಗೆ ಆ ಸಾಲನ್ನು ಅಳಿಸಿದಳು. ಪರದೆ ಮತ್ತೆ ಬಂದಾಗ ಚೌಕ ಅಗಲವಾಗಿತ್ತು: ಊಟವಾದ ಮೇಲೆ, ದಿನಕ್ಕೆ ಎರಡು ಸಲ.

"ಹೀಗೇ ಬಿಡೋಕೆ ಏನ್ರೀ ಧಾಡಿ ನಿಮಗೆ?" ಒಡತಿ ಕೇಳಿದ್ದು ನಾದಿನಿಯನ್ನು. "ನಾಳೆಯಿಂದ ಅಂಗಡೀಲಿ ಇದನ್ನೇ ಹಾಕಿ. ಏನಾದ್ರೂ ಕೆಟ್ರೆ ಈಯಮ್ಮನ್ನೇ ಕಳಿಸಿ."

ಹೊರಗೆ ಬಂದದ್ದೇ ನಾದಿನಿ ಹಲ್ಲು ಕಚ್ಚಿದಳು. "ಅಣ್ಣನ ಹತ್ರ ಮಾತಾಡ್ತೀನಿ. ಕಾಯಂ ಪತ್ರಕ್ಕೆ ಸಹಿ ಹಾಕೋಳು ನಾನು, ನೆನಪಿರ್ಲಿ."

"ಹಾಕ್ಬೇಡ. ನಾಳೆ ಆಯಮ್ಮ ನನ್ನನ್ನೇ ಕಳಿಸಿ ಅಂದ್ರೆ ನೀನೇ ಉತ್ತರ ಕೊಡು."

ನಾದಿನಿ ಚೀಲದಿಂದ ಪತ್ರ ತೆಗೆದು, ಮೆಟ್ಟಿಲ ಮೇಲೇ ನಿಂತು ಸಹಿ ಹಾಕಿದಳು. ಕಾಗದ ಹರಿಯುವಷ್ಟು ಒತ್ತಿ.

ಮನೆಗೆ ಬಂದ ಅತ್ತಿಗೆ ಚಪ್ಪಲಿ ಬಿಟ್ಟು ಸೀದಾ ಬೀರುವಿಗೆ ಹೋದಳು. ಎರಡನೇ ಅರೆಯಲ್ಲಿ ಇಪ್ಪತ್ತು ವರ್ಷದಿಂದ ಮಲಗಿದ್ದ ನಾದಿನಿಯ ರಗ್ಗುಗಳನ್ನು ಒಂದೊಂದಾಗಿ ತೆಗೆದು ನೆಲಕ್ಕೆ ಹಾಕಿದಳು.