ಕರೆಯದೆ ಉಳಿದ ಹೆಸರು

೨೦೨೪ರ ಜೂನ್ ೯, ಭಾನುವಾರ, ಬೆಳಿಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷ. ಇಂಡಿ ಪಟ್ಟಣದ ಸಿದ್ರಾಮಪ್ಪನ ಮನೆಯಲ್ಲಿ ಟಿವಿ ಹಚ್ಚಿ ಆಗಲೇ ಎರಡು ತಾಸಾಗಿತ್ತು. ಗೋಡೆಯ ದೊಡ್ಡ ಪರದೆಯ ಮೇಲೆ ಹಳದಿ ಬಾತುಕೋಳಿಗಳು ಹಾಡುತ್ತ ಕುಣಿಯುತ್ತಿದ್ದವು. ಅದರ ಮುಂದೆ ಚಾಪೆಯ ಮೇಲೆ ಎರಡೂವರೆ ವರ್ಷದ ಮೊಮ್ಮಗ ಧರ್ಮರಾಜ, ಪಕ್ಕದಲ್ಲಿ ಹಾಲುರೊಟ್ಟಿಯ ಬಟ್ಟಲು ಹಿಡಿದ ಅಜ್ಜಿ ಸೀತವ್ವ. ತುತ್ತು ತುಟಿಗೆ ತಾಗಿದಾಗ ಬಾಯಿ ತೆರೆಯುತ್ತಿತ್ತು. ಕಣ್ಣು ಮಾತ್ರ ಬಾತುಕೋಳಿಗಳನ್ನು ಬಿಟ್ಟು ಸರಿಯುತ್ತಿರಲಿಲ್ಲ.

“ಎಷ್ಟು ಶಾಣ್ಯಾ ಐತಿ ಬೇ ಈ ಕೂಸು!” ಜರಡಿ ಕೇಳಲು ಬಂದ ಪಕ್ಕದ ಮನೆಯ ಸುಗ್ರಾ ಅಂದಳು. “ನಮ್ಮವು ಒಂದು ತುತ್ತಿಗೆ ಓಣಿ ತುಂಬ ಓಡಾಡಸ್ತಾವ.”

“ಟಿವಿ ಹಚ್ಚಿದ್ರ ಆತು. ಇಂವ ಕುಂತ ಜಾಗ ಬಿಟ್ಟು ಏಳಂಗಿಲ್ಲ,” ಎಂದು ಸೀತವ್ವ ಹಿಗ್ಗಿದಳು.

ಒಳಗೆ ಚಹಾ ಸೋಸುತ್ತಿದ್ದ ಸೊಸೆ ಪಲ್ಲವಿಗೆ ಆ ಹೊಗಳಿಕೆ ಚುಚ್ಚಿತು. ಬಿ.ಎಸ್ಸಿ. ಓದಿದವಳು, ಸಾಲೋಟಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಶಬ್ದದ ಪಾಠ ಬಂದಾಗ ಮಕ್ಕಳ ಗದ್ದಲವನ್ನು ಮೊಬೈಲಿನಲ್ಲೇ ಅಳೆದು ತೋರಿಸುತ್ತಿದ್ದಳು. ಆದರೆ ತನ್ನ ಮಗ ಇನ್ನೂ ಒಮ್ಮೆಯೂ ‘ಅವ್ವಾ’ ಅಂದಿರಲಿಲ್ಲ.

“ಅತ್ತೀ, ಒಂದು ವಾರ ಉಣ್ಣೂವಾಗ ಟಿವಿ ಬಂದ್ ಮಾಡಿ ನೋಡೂಣ್ರಿ. ಕೂಸು ನಮ್ಮ ಮಾರಿ ನೋಡಿ ಮಾತು ಕಲೀಬೇಕು.”

“ನಿನ್ನ ಗಂಡ ಮೂರು ತುಂಬಿದ ಮ್ಯಾಲ ಮಾತಾಡ್ಯಾನ. ಈಗ ಅವನ ಬಾಯಿ ಮುಚ್ಚಸಾಕ ಆಗೂದಿಲ್ಲ! ಇದು ನಮ್ಮ ಮನಿತನದಾಗ ಬಂದದ್ದು.”

“ಹಂಗಲ್ರಿ...”

“ಏನ್ ಹಂಗಲ್ಲ? ದಿನಾ ಒಂಬತ್ತಕ್ಕ ಸಾಲಿಗಿ ಹೋಗಾಕಿ ನೀ, ಉಣಸಾಕಿ ನಾ. ಟಿವಿ ಆರಿಸಿದ್ರ ಒಂದು ಅಗಳು ಗಂಟಲಾಗ ಇಳಿಯಂಗಿಲ್ಲ. ನಿನ್ನ ವಿಜ್ಞಾನ ಬಂದು ಉಣಸತೈತೇನು?”

ಗೊಬ್ಬರದ ಅಂಗಡಿಗೆ ಹೊರಟಿದ್ದ ಗಂಡ ಅರುಣಕುಮಾರ ನಕ್ಕ. “ಸುಮ್ನ ವರ್ಷದ ಚಂದಾ ಕಟ್ಟೇನೇನು? ಅಪ್ಪಗ ಕ್ರಿಕೆಟ್, ಅವ್ವಗ ಧಾರಾವಾಹಿ, ಮಗಗ ಬಾತುಕೋಳಿ. ಇಷ್ಟು ಶಾಂತಿ ಯಾರ ಮನ್ಯಾಗೈತಿ ಹೇಳು?”

ಪಲ್ಲವಿ ಚಹಾದ ಕಪ್ಪು ಅವನ ಕೈಗಿಟ್ಟಳು. ಸಂಜೆ ಬಸ್ಸಿಳಿದು ಬಂದಾಗ ಆ ಶಾಂತಿ ಅವಳಿಗೂ ಬೇಕಾಗುತ್ತಿತ್ತು. ಓಣಿಯ ಮನೆಮನೆಯಲ್ಲೂ ಈಗ ಇದೇ ರೂಢಿ. ಹಿಂದೆ ಆಕಾಶದ ಚಂದಪ್ಪನನ್ನು ತೋರಿಸಿ ಉಣಿಸುತ್ತಿದ್ದರು. ಚಂದಪ್ಪ ತಾನಾಗಿ ಹಾಡುತ್ತಿರಲಿಲ್ಲವಾದ್ದರಿಂದ ಉಣಿಸುವವರೇ ಹಾಡಬೇಕಿತ್ತು. ಕೂಸು ಅವರ ಬಾಯಿ ನೋಡುತ್ತಿತ್ತು, ಅವರು ಕೂಸಿನ ಕಣ್ಣು ನೋಡುತ್ತಿದ್ದರು.

ಆಗಸ್ಟಿನ ಒಂದು ಸಂಜೆ ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಮನೆ ಹಿಂದೆಂದೂ ಇಲ್ಲದಷ್ಟು ನಿಶ್ಶಬ್ದವಾಗಿತ್ತು. ಚಡಚಣದ ಬೀಗರ ಫೋನು ಬಂದಿತ್ತು. ಸಿದ್ರಾಮಪ್ಪ ಟಿವಿಯ ಸಪ್ಪಳ ಪೂರ್ತಿ ಮುಚ್ಚಿ ಅಂಗಳಕ್ಕೆ ಹೋಗಿ ದ್ರಾಕ್ಷಿ ಬೆಳೆಯ ಮಾತಿನಲ್ಲಿ ಮುಳುಗಿದ್ದ. ಸೀತವ್ವ ಅಡುಗೆಮನೆಯಲ್ಲಿದ್ದಳು.

ಪರದೆಯ ಮೇಲೆ ಬಾತುಕೋಳಿಗಳು ಸದ್ದಿಲ್ಲದೆ ಕುಣಿಯುತ್ತಿದ್ದವು. ಧರ್ಮರಾಜ ಎಂದಿನ ಜಾಗದಲ್ಲೇ ಕುಳಿತು, ಎಂದಿನಂತೆಯೇ ಚಪ್ಪಾಳೆ ತಟ್ಟಿ ನಗುತ್ತಿದ್ದ.

ಪಲ್ಲವಿ ಬಾಗಿಲಲ್ಲೇ ನಿಂತಳು. ಹಾಡು ನಿಂತದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

ಅಡುಗೆಮನೆಯಿಂದ ಅಗಲವಾದ ಸ್ಟೀಲಿನ ಪರಾತ ತಂದು ಅವನ ಬೆನ್ನ ಹಿಂದೆ ನೆಲಕ್ಕೆ ಬಿಟ್ಟಳು.

“ಏನ್ ಬಿತ್ತೋ!” ಅಂಗಳದಿಂದ ಸಿದ್ರಾಮಪ್ಪ ಕೂಗಿದ. ಸೀತವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಧರ್ಮರಾಜ ಬಾತುಕೋಳಿಗಳಿಗೆ ಕೈ ಬೀಸಿದ.

ಪಲ್ಲವಿ ಪರಾತ ಎತ್ತಿ ಮತ್ತೊಮ್ಮೆ ಬಿಟ್ಟಳು. ಅವನು ತಿರುಗಲಿಲ್ಲ.

ವಿಜಯಪುರದ ಕಿವಿಯ ಡಾಕ್ಟರು ಎಲ್ಲ ಪರೀಕ್ಷೆ ಮುಗಿಸಿ, “ಇದು ಹುಟ್ಟಿನಿಂದ ಬಂದದ್ದು. ಟಿವಿಯಿಂದ ಆಗಿದ್ದಲ್ಲ,” ಅಂದರು. ಅರುಣಕುಮಾರ ಸಮಾಧಾನದಿಂದ ಕುರ್ಚಿಗೆ ಒರಗಿದ. ಡಾಕ್ಟರು ತಲೆಯೆತ್ತಿದರು. “ಆದ್ರ ಕರದ್ರ ತಿರಗತಾನೋ ಇಲ್ಲೋ, ಇಷ್ಟು ದಿನ ಯಾರೂ ನೋಡಲಿಲ್ಲೇನ್ರಿ?”

ಸೀತವ್ವ ಮೊಮ್ಮಗನನ್ನು ತೊಡೆಯ ಮೇಲೆ ಎಳೆದುಕೊಂಡಳು.

ನಾವು ಮಾತಾಡುವ ದನಿ ಸುಮಾರು ಅರವತ್ತು ಡೆಸಿಬಲ್. ತೊಂಬತ್ತೈದಕ್ಕಿಂತ ಕಡಿಮೆಯಾದದ್ದು ಈ ಮಗುವಿಗೆ ಕೇಳುವುದಿಲ್ಲ ಎಂದು ಡಾಕ್ಟರು ವಿವರಿಸಿದರು. ಆಪರೇಷನ್ ಮಾಡಿ ಕಿವಿಯೊಳಗೆ ಯಂತ್ರ ಕೂಡಿಸಬಹುದು. ಆದರೆ ಮಿದುಳು ಮಾತಿಗೆ ದಾರಿ ಮಾಡಿಕೊಳ್ಳುವುದು ಮೊದಲ ವರ್ಷಗಳಲ್ಲಿ. “ವರ್ಷ ತುಂಬೂದ್ರಾಗ ಬಂದಿದ್ರ ಭಾಳ ಅನುಕೂಲ ಆಗ್ತಿತ್ತು. ಈಗ ಎಷ್ಟು ಮಾತು ಬರತೈತಿ, ನಾ ಹೇಳಾಕ ಆಗಂಗಿಲ್ರಿ.”

ಬಸ್ಸಿನಲ್ಲಿ ಸೀತವ್ವ ಮೊಮ್ಮಗನ ಕಿವಿಯನ್ನು ಬೆರಳಿನಿಂದ ಸವರುತ್ತಲೇ ಇದ್ದಳು. ಹಾಗೇ ಅಂದಳು. “ಇವನ್ನ ನಾ ಎಂದೂ ಕರದಿಲ್ಲ ಪಲ್ಲವಿ. ಅರುಣ್ಯಾನ್ನ ಕರದು ಕರದು ಗಂಟಲ ಹರ್ಕೊಂಡೇನಿ. ಬಾವಿ ಕಡೆ ಓಡ್ತಿದ್ದ, ಗಿಡ ಏರ್ತಿದ್ದ. ಇಂವ ಎಲ್ಲೂ ಹೋಗಲಿಲ್ಲವಾ. ಮುಂದ ಕುಂತಾಂವನ್ನ ಯಾಕ ಕರೀಲಿ?”

ಮನೆಗೆ ಬಂದವಳೇ ಪಲ್ಲವಿ ಟಿವಿಯ ವೈರು ಕಿತ್ತಳು. “ಚಂದಾ ಇನ್ನೂ ಐದು ತಿಂಗಳ...” ಅರುಣಕುಮಾರ ಅಷ್ಟಕ್ಕೇ ನಾಚಿ ನಿಲ್ಲಿಸಿದ. ತಾನೇ ಪರದೆಯನ್ನು ಗೋಡೆಯಿಂದ ಇಳಿಸಿದ.

ಧರ್ಮರಾಜ ಖಾಲಿ ಗೋಡೆಗೆ ಹಣೆ ಚಚ್ಚಿಕೊಂಡು ಅತ್ತ. ತುತ್ತು ಉಗುಳಿದ. “ಕೂಸು ಸೊರಗತೈತಿ, ಒಂದೀಟು ಹಚ್ಚರೆವಾ,” ಎಂದು ಸಿದ್ರಾಮಪ್ಪ ಅಂಗಲಾಚಿದ. ಈ ಸಲ ಬೇಡವೆಂದವಳು ಸೀತವ್ವ. ಅವಳು ಬಟ್ಟಲು ಹಿಡಿದು ಮೊಮ್ಮಗನ ಎದುರಿಗೇ ಕುಳಿತಳು. ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಅವನು ತುತ್ತಿಗೆ ಬಾಯಿ ತೆರೆಯುವ ಮೊದಲು ಅಜ್ಜಿಯ ಮುಖ ನೋಡಿದ.

ಆ ಸಂಜೆ ಸೀತವ್ವ ಸೊಸೆಯ ಬಳಿ ಬಂದಳು. “ಸಾಲ್ಯಾಗ ಹುಡುಗೂರ ಸಪ್ಪಳ ಅಳೀತಿಯಲ್ಲ, ಆ ಮೊಬೈಲ್ ಹಿಡಿ. ನನ್ನ ದನಿ ತೊಂಬತ್ತೈದು ಮುಟ್ಟತೈತೇನು ನೋಡೂಣು.”

“ಬ್ಯಾಡ್ರಿ ಅತ್ತೀ.”

“ಹಿಡಿ ಅಂದೆ.”

ಧರ್ಮರಾಜ ಅಂಗಳದಲ್ಲಿ ಬಟ್ಟಲ ಮೇಲೆ ಬಟ್ಟಲು ಪೇರಿಸುತ್ತಿದ್ದ. ಸೀತವ್ವ ಅವನ ಬೆನ್ನ ಹಿಂದೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದೆ ಹೊಲದ ಬದುವಿನಲ್ಲಿ ನಿಂತು ಮಗನನ್ನು ಕೂಗುತ್ತಿದ್ದ ಹಾಗೆ ಹೊಟ್ಟೆಯಿಂದ ಕರೆದಳು.

“ಧರ್ಮೂ!”

ಬೇವಿನ ಗಿಡದ ಕಾಗೆಗಳು ಎದ್ದವು. ಸುಗ್ರಾ ಗಾಬರಿಯಿಂದ ಗೋಡೆಯ ಮೇಲಿಂದ ಇಣುಕಿದಳು. ಹುಡುಗ ಇನ್ನೊಂದು ಬಟ್ಟಲು ಏರಿಸಿದ.

“ಎಷ್ಟಾತು?” ಸೀತವ್ವ ಏದುಸಿರು ಬಿಡುತ್ತ ಕೇಳಿದಳು.

ಪಲ್ಲವಿ ಮೊಬೈಲನ್ನು ಅವಳ ಕಡೆ ತಿರುಗಿಸಿ, ಓದಿ ಹೇಳಿದಳು.

ಎಂಬತ್ತೆಂಟು ಡೆಸಿಬಲ್.